ಹೆಸರಿದ್ದ ಜಾಗದಲ್ಲಿ ಪ್ರಶ್ನೆ ಚಿಹ್ನೆ

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ನನ್ನನ್ನು ಕಂಡಾಗ ಯಾವ ಕೋರ್ಸ್ ಮಾಡಬೇಕು, ಸಂಬಳ ಎಷ್ಟು ಸಿಗುತ್ತದೆ ಎಂದು ಕೇಳುತ್ತಾರೆ. ನಾನು ಕಲಿತ ಕೋರ್ಸನ್ನು ಈಗ ಯಾರೂ ಹೇಳಿಕೊಡುವುದಿಲ್ಲ. ನನಗೆ ಸಿಗುತ್ತಿದ್ದ ಸಂಬಳ ಹೇಳಿದರೆ ಅವರು ಈ ಕೆಲಸಕ್ಕೆ ಬರುವುದಿಲ್ಲ. ಈ ಕೆಲಸದಲ್ಲಿ ಸಿಟ್ಟು ಬರುತ್ತದಾ ಅಂತ ಮಾತ್ರ ಇವತ್ತಿನವರೆಗೆ ಯಾರೂ ಕೇಳಿಲ್ಲ. ಬರುತ್ತದೆ. ಮೊಣಕಾಲು ನೋವೆಂದು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಬರುತ್ತದೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಯಾವುದೋ ಹಳೆಯ ಕೇಸು ನೆನಪಾಗಿ ಕತ್ತರಿಯನ್ನು ಕಟ್ಟೆಯ ಮೇಲೆ ಟಪ್ಪೆಂದು ಕುಕ್ಕುತ್ತೇನೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ಇವತ್ತು ಯಾರ ಮೇಲೆ ಲಲಿತಾ?" ಅನ್ನುತ್ತಾರೆ.

ಹುಟ್ಟಿನಿಂದ ನಾನು ಸಿಟ್ಟಿನವಳಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತು ಕಾಯುವವಳು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿ ಇಷ್ಟಿಷ್ಟೇ ಮುಂದೆ ಹೋಗುವುದನ್ನು ನೋಡುತ್ತಾ ಕೂರುವ ಕೆಲಸಕ್ಕೆ ಅಂಥವಳೇ ಸರಿ. ಸಿದ್ಧಾರ್ಥನಗರದಲ್ಲಿದ್ದ ಒಂದು ಅಂಗಡಿಗೆ ಸೇರಿದಾಗ ನನ್ನ ಕೆಲಸ ಕೌಂಟರಿನಲ್ಲಿ ಬಿಲ್ ಹಾಕುವುದು. ಮನೆಮನೆಗೆ ಹೋಗುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದ. ಮಾಲೀಕರು ಶ್ರೀಕಂಠ, "ಮೇಡಂ, ಸ್ಕೂಟರ್ ಬರುತ್ತಲ್ಲ ನಿಮ್ಗೆ?" ಅಂದರು. ನನ್ನ ಅರ್ಹತೆಯ ಪರೀಕ್ಷೆ ಅಷ್ಟೇ ನಡೆದದ್ದು.

ಅಲ್ಲಿಂದ ಮುಂದೆ ಒಂದು ಚೀಲ ನನ್ನ ಜೊತೆಯಾಯಿತು. ಸ್ಕ್ರೂಡ್ರೈವರ್, ಬ್ರಷ್ಷು, ಸಿ.ಡಿ.ಗಳ ಕಟ್ಟು, ಹಳೆ ಕಾಟನ್ ಸೀರೆಯ ಮೆತ್ತನೆ ತುಂಡು, ಮೊಸರನ್ನದ ಡಬ್ಬಿ. ದಸರಾ ಮುಗಿದ ವಾರ ಬ್ರಷ್ಷು ಎರಡು ಬೇಕು. ಆಯುಧಪೂಜೆಗೆ ಜನ ಕಂಪ್ಯೂಟರಿಗೆ ಕುಂಕುಮ ಹಚ್ಚುತ್ತಾರೆ, ಹಚ್ಚಲಿ. ಕೆಲವರು ಗಾಳಿ ಹೋಗುವ ಕಿಂಡಿಯೊಳಗೇ ಎರಚುತ್ತಾರೆ. ಮುಚ್ಚಳ ಬಿಚ್ಚಿದರೆ ಒಳಗಿನ ಫ್ಯಾನು ಮುತ್ತೈದೆಯ ಹಾಗೆ ಕೆಂಪಗೆ ಕೂತಿರುತ್ತಿತ್ತು.

ಯಾದವಗಿರಿಯ ಒಂದು ಬಂಗಲೆಗೆ ಪ್ರಿಂಟರ್ ಕೂರಿಸಲು ಹೋದಾಗ ಅಲ್ಲಿನ ಹಿರಿಯರು ಗೇಟಿನಲ್ಲೇ ನಿಲ್ಲಿಸಿ, "ಅಂಗಡೀಲಿ ಹುಡುಗರು ಯಾರೂ ಇರ್ಲಿಲ್ವೇನಮ್ಮ?" ಎಂದು ಕೇಳಿದರು. "ಇದ್ರು ಸರ್. ಅವರಿಗೆ ಬರಲ್ಲ," ಅಂದೆ. ಒಳಗೆ ಬಿಟ್ಟರು. ನೀವೇ ಕೂರಿಸಲು ನೋಡಿದಾಗ ಪರದೆಯಲ್ಲಿ ಏನು ಬಂತು ಅಂತ ಕೇಳಿದರೆ, "ಏನೋ ಬಂತು ಕಣಮ್ಮ, ಓಕೆ ಒತ್ಬಿಟ್ಟೆ" ಎಂದರು. ಇನ್ನೊಂದು ಸಲ ಬಂತಂತೆ, ಆಗಲೂ ಓಕೆ. ಆಮೇಲೆ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ನಿಮಗೆ ಸಿಟ್ಟು ಬಂದರೆ ಆ ಹಿರಿಯರ ಮೇಲೆ ಮಾಡಿಕೊಳ್ಳಬೇಡಿ. ಅಲ್ಲಿ ಬರೆದಿರುವುದೇನು? "ಏನೋ ತಪ್ಪಾಗಿದೆ." ಏನೋ ಅಂದರೆ ಏನು? ಸಾರು ಕೆಟ್ಟರೆ ಉಪ್ಪು ಹೆಚ್ಚಾಯಿತೋ ಹುಳಿ ಹೆಚ್ಚಾಯಿತೋ ಹೇಳಬೇಕಲ್ಲ? ಊಟಕ್ಕೆ ಕೂತವರ ಮುಂದೆ ಬಂದು "ಅಡುಗೆಯಲ್ಲಿ ಏನೋ ತಪ್ಪಾಗಿದೆ, ಸರಿ ಅನ್ನಿ" ಎಂದರೆ ಯಾರಾದರೂ ಸಹಿಸುತ್ತಾರಾ? ಆ ಮಾತು ಬರೆದ ಮಹಾನುಭಾವನಿಗೆ ಒಳ್ಳೆಯ ಸಂಬಳ ಇರುತ್ತದೆ. ಅವನ ಪರವಾಗಿ ಬೈಸಿಕೊಳ್ಳುವವರು ನಾವು.

ಸಿ.ಡಿ. ಇದ್ದ ಕಾಲದಲ್ಲಿ ಒಂದು ನೆಮ್ಮದಿಯಿತ್ತು. ನಿನ್ನೆ ಕೆಲಸ ಮಾಡಿದ ಸಿ.ಡಿ. ಸೆರಗಿನಲ್ಲಿ ಒರೆಸಿ ಹಾಕಿದರೆ ಇವತ್ತೂ ಕೆಲಸ ಮಾಡುತ್ತಿತ್ತು. ಆಮೇಲೆ ಎಲ್ಲವೂ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದಾಯಿತು. ಹೋದ ವಾರ ಒಬ್ಬರ ಮನೆಯಲ್ಲಿ ಸುಲಭವಾಗಿ ಕೂತದ್ದು ಈ ವಾರ ಇನ್ನೊಬ್ಬರ ಮನೆಯಲ್ಲಿ ಕೂರುವುದಿಲ್ಲ. ನಡುವೆ ಕಂಪನಿಯವರು ಏನನ್ನೋ ಬದಲಾಯಿಸಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ.

ನಮ್ಮ ಶ್ರೀಕಂಠ ಅವರಿಗೆ ಇದೆಲ್ಲದಕ್ಕೂ ಒಂದೇ ಮದ್ದು. ಫಾರ್ಮಾಟ್. ಇದ್ದದ್ದೆಲ್ಲ ಅಳಿಸಿ ಮೊದಲಿನಿಂದ ಹಾಕುವುದು. ಮನೆಯಲ್ಲಿ ಇಲಿ ಬಂತೆಂದರೆ ಮನೆ ಕೆಡವಿ ಕಟ್ಟಿಸಿ ಅನ್ನುವ ಜಾತಿಯ ಮದ್ದು. ಅದಕ್ಕವರು "ಹೊಡೆಯುವುದು" ಎನ್ನುತ್ತಿದ್ದರು. "ಒಂದು ಫಾರ್ಮಾಟ್ ಹೊಡೆದು ಬಂದ್ಬಿಡಿ ಮೇಡಂ, ಇನ್ನೊಂದು ಕಾಲ್ ಕಾಯ್ತಾ ಇದೆ." ಅವರ ಒಂದು ಪದ್ಧತಿ ಮಾತ್ರ ನನಗೆ ಇಷ್ಟವಿತ್ತು. ಮೊದಲಿನಿಂದ ಹಾಕಿದಾಗ ಕಂಪ್ಯೂಟರು, ನಿನ್ನನ್ನು ಬಳಸುವವರ ಹೆಸರೇನು ಎಂದು ಕೇಳುತ್ತದೆ. ಆ ಹೆಸರನ್ನು ನಾವು ಬರೆಯುತ್ತಿರಲಿಲ್ಲ. ಮನೆಯ ಯಜಮಾನರನ್ನೋ ಯಜಮಾನಿಯನ್ನೋ ಕರೆದು ಕುರ್ಚಿಯಲ್ಲಿ ಕೂರಿಸಿ, "ನಿಮ್ಮ ಕೈಯಲ್ಲೇ ಬರೀರಿ" ಅನ್ನುತ್ತಿದ್ದೆವು. ಕೆಲವರು ಕೈ ತೊಳೆದು ಬಂದು ಬರೆಯುತ್ತಿದ್ದರು. ಒಳ್ಳೆಯ ಪದ್ಧತಿಯೇ. ಅದು ಒಬ್ಬರಿಗೆ ಎಷ್ಟು ಕಷ್ಟ ಕೊಟ್ಟಿತೆಂಬುದನ್ನು ಈಗ ಹೇಳುತ್ತೇನೆ. ನನ್ನ ಸಿಟ್ಟಿನಲ್ಲಿ ಹೆಚ್ಚಿನ ಪಾಲು ಈ ಒಂದು ಮನೆಯದು.

ನಾನು ಕೆಲಸ ಬಿಡುವ ಸ್ವಲ್ಪ ಮುಂಚಿನ ಮಾತು. ಹಿನಕಲ್ಲಿನಿಂದ ಒಂದು ಕರೆ ಬಂತು. ಮನೆ ಕಂಪ್ಯೂಟರು, ಒಂದು ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಿಲ್ಲ. "ಆಗ್ಲೇ ನಾನೇ ಹೋಗಿ ಫಾರ್ಮಾಟ್ ಹೊಡೆದಿದೀನಿ ಮೇಡಂ," ಎಂದರು ಶ್ರೀಕಂಠ. "ಆದ್ರೂ ಆಗ್ಲಿಲ್ಲ. ಮಷೀನ್ ಹಳೇದು, ಹೊಸದು ತಗೊಳ್ಳಿ ಅಂತ ಹೇಳ್ಬಿಟ್ಟು ಬನ್ನಿ. ನಾನು ಹೇಳಿದ್ರೆ ಆ ಯಮ್ಮ ಕೇಳ್ತಿಲ್ಲ."

ಹಿನಕಲ್ಲಿನ ಹಳೆ ಊರೊಳಗೆ, ಎದ್ದು ನಿಂತ ಹೊಸ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ಗೌರಮ್ಮ. ಕುರ್ಚಿಯಲ್ಲಿ ಅವರ ಗಂಡ ಮಹದೇವಯ್ಯ, ಕುತ್ತಿಗೆಗೆ ಬಿಳಿ ಬಟ್ಟೆ, ತೊಡೆಯ ಮೇಲೆ ಒಂದು ಸ್ಲೇಟು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದು ಎರಡು ತಿಂಗಳಾಗಿತ್ತು. ಇನ್ನು ಅವರಿಗೆ ಮಾತಿಲ್ಲ. ಟೈಪ್ ಮಾಡಿದ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಇದೆ, ಹಾಕಿಸಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಮೊಬೈಲಿನಲ್ಲೂ ಅಂಥದ್ದು ಸಿಗುತ್ತದೆ. ಆದರೆ ಆ ಮನೆಯಲ್ಲಿದ್ದದ್ದು ಬಟನ್ ಫೋನು. ಮಗಳು ಓದುವಾಗ ಕೊಂಡ ಕಂಪ್ಯೂಟರ್ ಇತ್ತು. ಕಾರ್ಮಿಕ ಸಂಘದ ಕರಪತ್ರಗಳನ್ನೆಲ್ಲ ಅದರಲ್ಲೇ ಬರೆದು ಮಹದೇವಯ್ಯನವರ ಬೆರಳು ಕನ್ನಡಕ್ಕೆ ಚೆನ್ನಾಗಿ ಪಳಗಿತ್ತು.

"ನಿಮ್ ಓನರ್ ಬಂದು ಎಲ್ಲಾನೂ ಒರಸ್ಬುಟ್ಟು ಓದ್ರು ಮೇಡಮ್ಮೋರೆ," ಎಂದರು ಗೌರಮ್ಮ. "ಇವ್ರು ಸಂಗಕ್ಕೆ ಬರೆದಿದ್ದು, ಮಗಳ ಮದುವೆ ಫೋಟೊ, ಎಲ್ಲಾ."

"ಕೇಳ್ಲಿಲ್ವಾ ಒರೆಸೋಕೆ ಮುಂಚೆ?"

"ಕೇಳಿದ್ರು. ಇಂಪಾರ್ಟೆಂಟ್ ಏನಾದ್ರೂ ಅದಾ ಅಂತ ನನ್ನ ಕೇಳಿದ್ರು. ನನ್ಗೇನ್ ಗೊತ್ತು? ಇವರು ಸ್ಲೇಟ್ ಮೇಲೆ ಬರೆಯೋ ಅಷ್ಟ್ರಲ್ಲಿ ಒತ್ತೇಬುಟ್ರು."

ಮಾತು ಬಾರದವನ ಎದುರಿಗೇ ಅವನ ವಸ್ತುವಿನ ಬಗ್ಗೆ ಇನ್ನೊಬ್ಬರನ್ನು ಕೇಳುವುದು. ನನಗೆ ಕಿವಿ ಬಿಸಿಯಾಯಿತು. ಮಹದೇವಯ್ಯ ಸ್ಲೇಟಿನಲ್ಲಿ ಏನೋ ಬರೆದು ಹೆಂಡತಿಗೆ ತೋರಿಸಿದರು. "ಕಾಫಿ ತಗೋತೀರಾ ಅಂತವ್ರೆ," ಎಂದರು ಗೌರಮ್ಮ. ಸ್ಲೇಟು ನನ್ನ ಕಡೆಗೂ ವಾಲಿತ್ತು. ಅದರಲ್ಲಿ ಇದ್ದದ್ದು, "ನಿಮ್ಮ ಓನರ್ ಕತ್ತೆ."

"ಹೌದು ಸರ್," ಅಂದೆ. ಅವರ ಭುಜ ಕುಲುಕಿತು. ನಗು ಇತ್ತು, ಸದ್ದಿರಲಿಲ್ಲ.

ಅವಸರ ಏನಿತ್ತೆಂದು ಕಾಫಿ ಕುಡಿಯುವಾಗ ಗೊತ್ತಾಯಿತು. ಮಹದೇವಯ್ಯನವರ ತಾಯಿ ನಂಜನಗೂಡು ಕಡೆಯ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ, ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣದು. ಮಗ ದಿನವೂ ಫೋನ್ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿದ. ಶೀತವಾಗಿ ಗಂಟಲು ಕಟ್ಟಿದೆ ಎಂದು ಸೊಸೆ ಹೇಳಿದಳು. ಒಂದು ವಾರ ನಂಬಿದರು. ಆಮೇಲೆ ಆ ಮುದುಕಿ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿತು: ಮಗ ಸತ್ತಿದ್ದಾನೆ, ಯಾರೂ ಹೇಳುತ್ತಿಲ್ಲ.

"ಸತ್ತ ಅಂತ ಯೋಳ್ಬುಡಿ, ತಿತಿಗಾದ್ರೂ ಅಳ್ತೀನಿ ಅಂತದೆ," ಎಂದರು ಗೌರಮ್ಮ. "ಮುದ್ದೆ ಬುಟ್ಬುಟ್ಟದೆ. ಗಂಜಿ ಕುಡಿಸಕ್ಕೋದ್ರೆ ಉಗೀತದೆ. ಇವ್ರಿಗೆ ದಿನಾ ಆಸ್ಪತ್ರೇಲಿ ರೇಡಿಯೇಸನ್ ಕರೆಂಟ್ ಕೊಡ್ತಾವ್ರೆ, ಧೂಳಲ್ಲಿ ಊರ್ಗೆ ಓಗಂಗಿಲ್ಲ ಅಂದವ್ರೆ ಡಾಕ್ಟ್ರು. ಇವ್ರು ಓಗೋ ಒತ್ಗೆ ಅತ್ತೆ ಇರಕಿಲ್ಲ ಮೇಡಮ್ಮೋರೆ."

ಹೊಸ ಮಷೀನ್ ತಗೊಳ್ಳಿ ಎಂದು ಹೇಳಿ ಬರಲು ನನ್ನನ್ನು ಕಳಿಸಿದ್ದು ಈ ಮನೆಗೆ.

ಕೂತೆ. ಸಾಫ್ಟ್‌ವೇರ್ ಹಾಕಿದೆ. ಹಸಿರು ಪಟ್ಟಿ ಸರಾಗವಾಗಿ ಓಡಿತು. ಇನ್ನೇನು ಮುಗಿಯಿತು ಅನ್ನುವಾಗ ನಿಂತು, ತಪ್ಪಿನ ಸಂದೇಶದ ಒಂದು ಪೆಟ್ಟಿಗೆ ತೋರಿಸಿ, ಬಂದ ದಾರಿಯಲ್ಲೇ ಹಿಂದೆ ಹೋಯಿತು. ಮೆಟ್ಟಿಲು ಹತ್ತಿ ಬಾಗಿಲವರೆಗೆ ಬಂದ ನೆಂಟರು ಚಪ್ಪಲಿ ಬಿಡದೆ ಇಳಿದುಹೋದ ಹಾಗೆ. ವೈರಸ್ ತಡೆಯುವ ಪ್ರೋಗ್ರಾಮನ್ನು ಆರಿಸಿಟ್ಟು ಮತ್ತೆ ಹಾಕಿದೆ. ಆಗಲಿಲ್ಲ. ಪೂರ್ತಿ ಅಧಿಕಾರ ಕೊಟ್ಟು ಹಾಕಿದೆ. ಆಗಲಿಲ್ಲ. ಇಳಿಸಿದ ಫೈಲೇ ಕೆಟ್ಟಿರಬಹುದೆಂದು ಮತ್ತೆ ಇಳಿಸಿದೆ, ಜಾಗ ಸಾಲದೇನೋ ಎಂದು ನೋಡಿದೆ. ಬೇಕಾದಷ್ಟು ಜಾಗವಿತ್ತು, ಎಲ್ಲವನ್ನೂ ಒರೆಸಿದ್ದರಲ್ಲ.

ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿದೆ. ಮೊದಲು ಯಂತ್ರ ಮಾತಾಡಿತು. ಕನ್ನಡದ ಸಾಫ್ಟ್‌ವೇರ್ ಮಾರುವ ಕಂಪನಿ, ಒತ್ತಲು ಕೊಟ್ಟದ್ದು ಇಂಗ್ಲಿಷು ಮತ್ತು ಹಿಂದಿ. ಪಿಟೀಲು ಕೇಳುತ್ತಾ ಕಾದ ಮೇಲೆ ಒಬ್ಬ ಸಿಕ್ಕಿದ. ತೆಗೆದು ಮತ್ತೆ ಹಾಕಿ ಎಂದ. ಹಾಕಿದೆ ಎಂದೆ. ಕಂಪ್ಯೂಟರ್ ಆರಿಸಿ ಹಚ್ಚಿ ಎಂದ. ಹಚ್ಚಿದೆ ಎಂದೆ. ಹಾಗಾದರೆ ನಮ್ಮ ಕಡೆಯಿಂದ ಏನೂ ತಪ್ಪಿಲ್ಲ, ಅದು "ಯೂಸರ್ ಎರರ್" ಎಂದ. ಬಳಸುವವರದೇ ತಪ್ಪು ಅಂತ. ಬಳಸುವವರು ನನ್ನ ಪಕ್ಕದಲ್ಲಿ ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾ ಕೂತಿದ್ದರು. ಏನು ತಪ್ಪು ಮಾಡಿದ್ದಾರೆ ಹೇಳಪ್ಪ ಎಂದು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ. ಫೋನ್ ಕಟ್ಟಾಯಿತು. ಆಮೇಲೆ, ನಮ್ಮ ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಮೆಸೇಜು ಬಂತು.

ಅಷ್ಟರಲ್ಲಿ ಶ್ರೀಕಂಠ ಅವರ ಫೋನು. "ಮೇಡಂ, ಇನ್ನೂ ಅಲ್ಲೇ ಇದೀರಾ? ಇನ್ನೊಂದ್ಸಲ ಫಾರ್ಮಾಟ್ ಹೊಡೀರಿ, ಇಲ್ಲಾಂದ್ರೆ ಎದ್ ಬನ್ನಿ."

"ನೀವು ಹೊಡೆದ ಹೊಡೆತಕ್ಕೇ ಈ ಮನೇಲಿ ಮದುವೆ ಫೋಟೊ ಇಲ್ಲ," ಎಂದು ಕಟ್ ಮಾಡಿದೆ.

ಮತ್ತೆ ಹಾಕಿದೆ. ಮತ್ತೆ ಅದೇ ಪೆಟ್ಟಿಗೆ. ಮುಚ್ಚಲು ಹೋದೆ. ಮಹದೇವಯ್ಯ ನನ್ನ ಕೈ ತಡೆದರು. ಎರಡು ತಿಂಗಳಿಂದ ಯಾರ ಹತ್ತಿರವೂ ಮಾತಿಲ್ಲದವರು ಪರದೆಯನ್ನು ನಮಗಿಂತ ಹೆಚ್ಚು ಹೊತ್ತು ನೋಡಿದ್ದರು. ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಒಂದು ಉದ್ದ ಸಾಲು, ಯಾವ ಫೈಲು ಸಿಗಲಿಲ್ಲ, ಯಾವ ಜಾಗದಲ್ಲಿ ಹುಡುಕಿದೆ ಎಂಬ ವಿಳಾಸ. ಅದರ ನಡುವೆ ಬೆರಳಿಟ್ಟರು. ಅಲ್ಲಿ ಒಂದರ ಪಕ್ಕ ಒಂದು ಪ್ರಶ್ನೆ ಚಿಹ್ನೆ. ಸ್ಲೇಟಿನಲ್ಲಿ ಬರೆದರು: "ಯಾರು ನೀನು ಅಂತ ಕೇಳ್ತಾ ಅದೆ. ಏನ್ ಹೇಳ್ಲಿ?"

ಗೌರಮ್ಮ ಇಣುಕಿ, "ಇನ್ನೊಂದ್ ಲೋಟ ಕಾಫಿ ಬೇಕಂತೆ," ಎಂದರು.

ನಾನು ಆ ಸಾಲನ್ನು ಮೊದಲಿನಿಂದ ಓದಿದೆ. ಪ್ರಶ್ನೆ ಚಿಹ್ನೆಗಳು ಕೂತಿದ್ದದ್ದು ಬಳಸುವವರ ಹೆಸರು ಇರಬೇಕಾದ ಜಾಗದಲ್ಲಿ. "ಸರ್, ಓನರ್ ಬಂದಾಗ ನಿಮ್ಮ ಹೆಸರು ನಿಮ್ಮ ಕೈಯಲ್ಲೇ ಬರೆಸಿದ್ರಾ?" ಹೌದೆಂದು ತಲೆಯಾಡಿಸಿದರು. "ಕನ್ನಡದಲ್ಲಿ ಬರೆದ್ರಾ?" ಮತ್ತೇನು ಫ್ರೆಂಚಿನಲ್ಲಿ ಬರೆಯುತ್ತಾರಾ ಅನ್ನುವ ಹಾಗೆ ನನ್ನನ್ನು ನೋಡಿದರು.

ಮೊದಲು ಕೊಂಡಾಗಲೂ ಅವರು ಕನ್ನಡದಲ್ಲೇ ಬರೆದಿದ್ದರು, ಫಾರ್ಮಾಟ್ ಆದ ಮೇಲೂ ಕನ್ನಡದಲ್ಲೇ. ಕಂಪ್ಯೂಟರ್ ಆ ಹೆಸರನ್ನು ಒಪ್ಪಿ, ಅದೇ ಹೆಸರಿನ ಒಂದು ಕೋಣೆ ಕಟ್ಟಿ, ದಿನವೂ "ಸ್ವಾಗತ ಮಹದೇವಯ್ಯ" ಅನ್ನುತ್ತಿತ್ತು. ಈ ಸಾಫ್ಟ್‌ವೇರು ಕೂರುವ ಮೊದಲು ತನ್ನ ಸಾಮಾನನ್ನು ಆ ಕೋಣೆಯಲ್ಲಿ ಬಿಚ್ಚಿಡಬೇಕು. ಕೋಣೆಯ ಹೆಸರು ಓದಲು ಬಾರದೆ, ಅಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿಕೊಂಡು, ಅಂಥ ಕೋಣೆ ಎಲ್ಲೂ ಇಲ್ಲವೆಂದು ವಾಪಸು ಹೋಗುತ್ತಿತ್ತು.

ಕನ್ನಡ ಓದಿ ಹೇಳುತ್ತೇನೆಂದು ಬಂದ ಯಂತ್ರ. ಕನ್ನಡದ ಒಂದು ಹೆಸರು ಓದಲು ಬರಲಿಲ್ಲ.

ಕಂಪನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಬೇರೆಯವಳು. ಹೆಸರು ಇಂಗ್ಲಿಷಿನಲ್ಲಿ ಇರಬೇಕು ಮೇಡಂ, ಅದು ನಿಯಮ ಎಂದಳು. ಎಲ್ಲಿ ಬರೆದಿದ್ದೀರಿ ಎಂದೆ. ಬರೆದಿಲ್ಲ, ಎಲ್ಲರಿಗೂ ಗೊತ್ತಿರುವುದೇ ಎಂದಳು. "ಹಿನಕಲ್ಲಿನ ಕಂಡಕ್ಟರಿಗೆ ಯಾಕೆ ಗೊತ್ತಿಲ್ಲ ಹಾಗಾದ್ರೆ? ಇದನ್ನ ಕೊಳ್ಳುವವರು ಕನ್ನಡದವರು, ಅವರ ಹೆಸರು ಕನ್ನಡದಲ್ಲಿ ಇರಬಹುದು ಅಂತ ಒಬ್ಬರಿಗೂ ತೋಚಲಿಲ್ವಾ?" ಅಷ್ಟು ಜೋರಾಗಿ ನಾನು ಒಬ್ಬ ಗಿರಾಕಿಯ ಮನೆಯಲ್ಲಿ ಎಂದೂ ಕೂಗಿರಲಿಲ್ಲ. ನಿಮ್ಮ ಸಲಹೆಯನ್ನು ಮೇಲಿನವರಿಗೆ ತಿಳಿಸುತ್ತೇವೆ ಎಂದಳು. ಪಾಪ, ಅವಳಿಗೂ ಮೇಲಿನವರು ಯಾರೆಂದು ಗೊತ್ತಿರಲಿಕ್ಕಿಲ್ಲ.

ಹೊಸಬರಿಗೆ ಒಂದು ಮಾತು ಇಲ್ಲಿ ಹೇಳಬೇಕು. ಕಾಣುವ ಹೆಸರನ್ನು ಬದಲಾಯಿಸಿದರೆ ಕೆಲಸ ಆಗುವುದಿಲ್ಲ. ನಾನೂ ಮೊದಲು ಹಾಗೇ ಮಾಡಿ ನೋಡಿದೆ. ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಒಳಗಿನ ಕೋಣೆಗೆ ಹಳೆಯ ಹೆಸರೇ ಉಳಿಯಿತು. ಹೊಸ ಖಾತೆಯನ್ನೇ ತೆರೆಯಬೇಕು, ಮೊದಲ ಅಕ್ಷರದಿಂದಲೇ ಇಂಗ್ಲಿಷಿನಲ್ಲಿ. ಫಾರ್ಮಾಟ್ ಬೇಕಿಲ್ಲ. ಒಂದು ಲೋಟ ಕಾಫಿ ಆರುವಷ್ಟರ ಕೆಲಸ.

"ಇಂಗ್ಲಿಷಲ್ಲಿ ನಿಮ್ಮ ಹೆಸರು ಹೇಗೆ ಬರೀತೀರಿ ಸರ್?" ಎಂದು ಕೇಳಿದೆ.

ಅವರು ಸ್ಲೇಟು ಮುಟ್ಟಲಿಲ್ಲ. ಗೌರಮ್ಮ, "ಬರ್ಕೊಡಿ ಅತ್ಲಾಗೆ, ಎಸ್ರಲ್ಲಿ ಏನದೆ? ಆಧಾರ್ ಕಾರ್ಡಲ್ಲಿ ಅದೆಯಲ್ಲ ಇಂಗ್ಲಿಷು," ಎಂದರು. ಅವರು ಹೆಂಡತಿಯತ್ತ ನೋಡಿದ ನೋಟ ನನಗೆ ಅರ್ಥವಾಯಿತು. ಗಂಟಲು ಕೊಯ್ದಿದ್ದಾಯಿತು, ಬರೆದದ್ದೆಲ್ಲ ಒರೆಸಿದ್ದಾಯಿತು, ಈಗ ಹೆಸರು. ಕೊನೆಗೆ ಬಳಪ ತೆಗೆದುಕೊಂಡು ಕಿರ್ರೆನ್ನುವ ಹಾಗೆ ಒತ್ತಿ ಬರೆದರು:

"ನನ್ನ ಹೆಸರು ಅದಕ್ಕೆ ಕೊಡಲ್ಲ. ಕಂಡಕ್ಟರ್ ಅಂತ ಹಾಕಿ. ಅದು ಹೆಂಗೂ ಇಂಗ್ಲಿಷೇ."

ಹಾಗೇ ಹಾಕಿದೆ. ಹಸಿರು ಪಟ್ಟಿ ಓಡಿತು, ಬಾಗಿಲವರೆಗೆ ಹೋಯಿತು, ಒಳಗೂ ಹೋಯಿತು. ಸ್ಪೀಕರಿನಿಂದ ಗಂಭೀರವಾದ ಗಂಡಸಿನ ದನಿ, "ಕನ್ನಡಕ್ಕೆ ನಿಮಗೆ ಸುಸ್ವಾಗತ" ಎಂದಿತು. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಕಂಪ್ಯೂಟರಿನ ತಲೆಯ ಮೇಲೊಂದು ಏಟು ಬಿಟ್ಟೆ. ಕೈಯೇ ನೋಯಿತು.

ಮಹದೇವಯ್ಯ ಕೀಲಿಮಣೆ ಎಳೆದುಕೊಂಡರು. ಯಂತ್ರ ಹೇಳಿತು: "ಗೌರಿ, ಕಾಫಿಗೆ ಸಕ್ಕರೆ ಕಮ್ಮಿ."

ಗೌರಮ್ಮ ಬೆಚ್ಚಿಬಿದ್ದು, ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಎರಡ್ ತಿಂಗ್ಳಿಂದ ಇದ್ನ ಬರ್ದು ತೋರುಸ್ಬಾರ್ದಾಗಿತ್ತಾ?" ಎಂದರು.

"ತೋರಿಸಿದೆ. ನೀನು ಚೆನ್ನಾಗದೆ ಅಂತ ಓದಿದೆ."

ಎಲ್ಲರಿಗೂ ಕೇಳಿಸುವ ಹಾಗೆ ಊರಿಗೆ ಫೋನ್ ಹಚ್ಚಿದೆವು. ಮಹದೇವಯ್ಯನವರ ತಂಗಿ ಎತ್ತಿಕೊಂಡು ತಾಯಿಯ ಕಿವಿಗೆ ಹಿಡಿದರು. ಈ ಕಡೆ ಗೌರಮ್ಮ ಸ್ಪೀಕರಿನ ಬಾಯಿಗೆ ಫೋನ್ ಹಿಡಿದರು. ಶುದ್ಧವಾಗಿ ಬರೆಯಬೇಕು, ಇಲ್ಲದಿದ್ದರೆ ಯಂತ್ರಕ್ಕೆ ತಿಳಿಯದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಮಹದೇವಯ್ಯ ಕರಪತ್ರದ ಕನ್ನಡದಲ್ಲಿ ಬರೆದರು.

"ಅಮ್ಮ, ನಾನು ನಿಮ್ಮ ಮಗ ಮಹದೇವಯ್ಯ ಮಾತನಾಡುತ್ತಿದ್ದೇನೆ. ನನ್ನ ಆರೋಗ್ಯ ಸುಧಾರಿಸುತ್ತಿದೆ. ದಯವಿಟ್ಟು ನೀವು ಊಟ ಮಾಡಿ."

ಆ ಕಡೆಯಿಂದ ಒಣಗಿದ, ಆದರೂ ಚುರುಕಾದ ದನಿ: "ಯಾವನವ್ವ ಇವ್ನು? ಸಾಲ ಬೇಕಾ ಅಂತ ಮಾಡ್ತಾರಲ್ಲ, ಅವನಾ? ಬ್ಯಾಡ ಅನ್ನು."

"ಅಲ್ಲ ಕಣವ್ವ, ಅಣ್ಣಯ್ಯ," ಎಂದರು ತಂಗಿ.

"ನನ್ ಮಗ ಯಾವತ್ತು ನನ್ನ ನೀವು ಅಂದವ್ನೆ? ಸತ್ತ ಅಂತ ಯೋಳಕ್ಕೆ ಬಾಯಿಲ್ದೆ ಯಾವನ್ನೋ ರೇಡಿಯೋದವನ್ನ ಇಡ್ಕೊಂಡು ಬಂದವ್ರೆ. ಮಡುಗು!"

ಫೋನ್ ಕಟ್ಟಾಯಿತು.

ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಹದೇವಯ್ಯ ಕೀಲಿಮಣೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ನನಗೆ ಆ ಯಂತ್ರದ ಮೇಲೆ, ಆಸ್ಪತ್ರೆಯ ಶುದ್ಧದ ಮೇಲೆ, ಎಲ್ಲದರ ಮೇಲೂ ಒಟ್ಟಿಗೆ ಉರಿಯಿತು.

"ಸರ್, ಅವ್ವನ ಹತ್ರ ನೀವು ಹೀಗೇನಾ ಮಾತಾಡೋದು?"

ಇಲ್ಲವೆಂದು ತಲೆಯಾಡಿಸಿದರು.

"ಮತ್ತೆ? ಹ್ಯಾಗೆ ಮಾತಾಡ್ತಿದ್ರೋ ಹಾಗೇ ಬರೀರಿ. ತಪ್ಪಾದ್ರೆ ಅದರ ಕರ್ಮ."

ಬರೆಯತೊಡಗಿದರು. ಪ್ರತಿ ಪದದ ಕೆಳಗೂ ಕೆಂಪು ಗೆರೆ ಬಿತ್ತು. ತಪ್ಪು, ತಪ್ಪು, ತಪ್ಪು. ಅವರು ಕಣ್ಣೆತ್ತಿ ನೋಡದೆ ಬರೆದರು. ಮತ್ತೆ ಫೋನ್ ಹಚ್ಚಿದೆವು. ಅದೇ ರೇಡಿಯೋದವನ ದನಿ, ಅದೇ ಗಾಂಭೀರ್ಯದಲ್ಲಿ ಹೇಳಿತು:

"ಅವ್ವೋ. ನಾ ಕಣವ್ವ. ಮಾದ. ಉಂಡ್ಯಾ?"

ಆ ಕಡೆ ದೂರದಲ್ಲಿ ಕೋಳಿಯೊಂದು ಕೊಕ್ಕೊಕ್ಕೆನ್ನುವುದು ಕೇಳಿಸಿತು.

"ಮಾದ?" ಎಂದಿತು ಮುದುಕಿ. "ಲೋ, ಯಾಕ್ಲಾ ಇಂಗಾಗದೆ ನಿನ್ ದನಿ?"

ಗೌರಮ್ಮ ಫೋನಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದರು. "ಸೀತ ಅನ್ನಿ. ಗಂಟ್ಲು ಕಟ್ಟದೆ ಅನ್ನಿ. ನಿಜ ಯೋಳ್ಬ್ಯಾಡಿ, ಜೀವ ಬುಟ್ಬುಡ್ತದೆ ಕಣ್ರೀ."

ಮಹದೇವಯ್ಯ ಹೆಂಡತಿಯ ಮುಖ ನೋಡಿದರು. ಎರಡು ತಿಂಗಳು ಅವರ ಮಾತನ್ನೆಲ್ಲ ಆಡಿದ ಮುಖ ಅದು, ಪ್ರೀತಿಯಿಂದಲೇ, ತನಗೆ ತೋಚಿದ ಹಾಗೆ. ಆ ಅಂಗೈಯನ್ನು ಮೆಲ್ಲಗೆ ಸರಿಸಿ ಬರೆದರು. ನಿಧಾನವಾಗಿ ಬರೆದರು. ಆ ಕಡೆ ಮುದುಕಿ "ಲೋ, ಲೋ" ಅನ್ನುತ್ತಲೇ ಇತ್ತು.

"ಗಂಟ್ಲಲ್ಲಿ ಗೆಡ್ಡೆ ಆಗಿತ್ತು ಕಣವ್ವ. ಕುಯ್ದು ತಗುದ್ಬುಟ್ರು. ಇನ್ನು ನನ್ಗೆ ಮಾತಿಲ್ಲ. ಇದು ಮಿಸನ್ನು ಮಾತಾಡ್ತಾ ಇರೋದು. ಒತ್ತೋನು ನಾನೇ."

ಗೌರಮ್ಮ ಕಣ್ಣು ಮುಚ್ಚಿಕೊಂಡರು.

"ಥೂ, ನಿಮ್ ಮನೆ ಕಾಯೋಗ!" ಎಂದಿತು ಆ ಕಡೆಯ ದನಿ. "ಗಂಟ್ಲು ಕುಯ್ದವ್ರೆ, ನನ್ಗೆ ಸೀತ ಅಂತ ಕತೆ ಕಟ್ಟೀರಾ? ನಾನೇನ್ ತೊಟ್ಲು ಕೂಸಾ? ಎತ್ತೋಳು ನಾನು, ನನ್ಗೆ ಯೋಳ್ದೆ ಕುಯ್ಯಕ್ಕೆ ಅವ್ನ್ ಯಾವನ್ಲಾ ಡಾಕ್ಟ್ರು? ಎಲ್ಲವ್ಳೆ ನಿನ್ ಎಂಡ್ರು? ಕೊಡು ಅವ್ಳಿಗೆ!" ಫೋನ್ ಹಿಡಿದಿದ್ದ ಗೌರಮ್ಮ ಫೋನನ್ನು ಅಲ್ಲೇ ಮೇಜಿನ ಮೇಲಿಟ್ಟು ಅಡುಗೆ ಕೋಣೆಯ ಬಾಗಿಲ ಹಿಂದೆ ಸೇರಿಕೊಂಡರು. ಮುದುಕಿ ಮಗಳನ್ನು ಬೈದಿತು, ಅಳಿಯನನ್ನು ಬೈದಿತು, ಬಸ್ಸಿನ ಧೂಳನ್ನು, ಮಗ ಸೇದಿದ ಬೀಡಿಯನ್ನು ಬೈದಿತು. ಮಹದೇವಯ್ಯನವರ ಕಣ್ಣಿನಿಂದ ನೀರು ಇಳಿದು ಕುತ್ತಿಗೆಯ ಬಟ್ಟೆಗೆ ಹತ್ತುತ್ತಿತ್ತು. ಅವರು ಬರೆದರು, ಯಂತ್ರ ಓದಿತು:

"ಬಯ್ಯವ್ವ."

ನನ್ನ ಫೋನ್ ಹೊಡೆದುಕೊಂಡಿತು. ಶ್ರೀಕಂಠ. "ಇನ್ನೂ ಮುಗೀಲಿಲ್ವಾ ಮೇಡಂ? ಅದ್ಯಾರು ಅಲ್ಲಿ ಹಾಗೆ ಬೈತಾ ಇರೋದು?"

"ಗಿರಾಕಿಯ ತಾಯಿ."

"ಯಾಕೆ, ಕೆಲಸ ಆಗ್ಲಿಲ್ವಾ?"

"ಆಯ್ತು. ಅದಕ್ಕೇ ಬೈತಾ ಇದ್ದಾರೆ," ಎಂದು ಫೋನ್ ಆರಿಸಿ ಚೀಲಕ್ಕೆ ಹಾಕಿಕೊಂಡೆ.

ಆ ಕಡೆ ದನಿ ಸ್ವಲ್ಪ ಕುಗ್ಗಿತ್ತು. ಏದುಸಿರು. ಆಮೇಲೆ ಮಗಳಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು.

"ಬಯ್ಯಕ್ಕೂ ತ್ರಾಣ ಇಲ್ಲ. ಒಂದು ಮುದ್ದೆ ತತ್ತಾರವ್ವ ಮೊದ್ಲು. ಲೋ ಮಾದ, ಫೋನ್ ಮಡುಗ್ಬ್ಯಾಡ. ಉಂಡ್ಬುಟ್ಟು ಬಯ್ತೀನಿ."